ಮುಯ್ಯಿ ಕೇಳಿದ ದ್ಯಾವೀರಮ್ಮ

ರೂಪಶ್ರೀ ದ್ಯಾವೀರಮ್ಮನನ್ನು ಮೊದಲು ಕಂಡದ್ದು ದುದ್ದದ ಬಸ್ ನಿಲ್ದಾಣದ ಎದುರು, ಶ್ರಾವಣದ ಒಂದು ಬೆಳಿಗ್ಗೆ. ದ್ಯಾವೀರಮ್ಮ ಲಗೇಜ್ ಆಟೊದಿಂದ ಕಳೆ ತೆಗೆಯುವ ಯಂತ್ರವನ್ನು ಇಳಿಸುತ್ತಿದ್ದಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವಲು, ಕಾಲಿಗೆ ಗಮ್ ಬೂಟು. ಹಿಂದೆ ಅವಳ ಪರಿಶಿಷ್ಟರ ಕಾಲೊನಿಯ ನಾಲ್ವರು ಹೆಂಗಸರು. ಹಾಸನದಲ್ಲಿ ತರಬೇತಿ ಮುಗಿಸಿದ ತಂಡವೆಂದು ಯಾರೋ ನಂಬರು ಕೊಟ್ಟಿದ್ದರು. ಆಳು ಸಿಗದೆ ತಮ್ಮ ಮನೆಯ ರಾಗಿಹೊಲವನ್ನು ಕಳೆ ಮುಚ್ಚಿಕೊಂಡಿದ್ದರಿಂದ ರೂಪಶ್ರೀಯೇ ಫೋನು ಮಾಡಿ ಕರೆಸಿದ್ದಳು.

"ಇದ್ನ ನೀನೇ ಓಡಿಸ್ತೀಯಾ?"

"ಊಂ ಕಣವ್ವ. ನನ್ ಗಂಡ್ನಿಗಿಂತ ಇದೇ ವಾಸಿ. ಎಣ್ಣೆ ಆಕುದ್ರೆ ಕೆಲ್ಸನಾದ್ರೂ ಮಾಡ್ತದೆ."

ವಾರದೊಳಗೆ ಹೊಲ ಹಸನಾಯಿತು. ರೂಪಶ್ರೀಯ ಮಾವ ಚನ್ನಪ್ಪ ಕೂಲಿ ಕೊಡಲು ಬಂದ. ದ್ಯಾವೀರಮ್ಮ ಉಳಿದವರಿಗೆ ಕೊಡಿಸಿದಳು, ತಾನು ಕೈ ಒಡ್ಡಲಿಲ್ಲ.

"ನಂಗೆ ಕೂಲಿ ಬ್ಯಾಡಿ ಗೌಡ್ರೆ, ಮುಯ್ಯಿ ಕೊಡಿ. ಊರೋರ ಹೊಲಕ್ಕೆಲ್ಲ ನಾವೇ ಓದ್ರೆ ನನ್ ಅರ್ಧ ಎಕ್ರೆಗೆ ಯಾರವ್ರೆ? ನಿಮ್ಮನೆಯೋರು ಒಂದಿನ ಬನ್ನಿ."

ಚನ್ನಪ್ಪ ಮುಖ ತಿರುಗಿಸಿದ. ಒಕ್ಕಲು ಮನೆಗಳವರು ಒಬ್ಬರ ಹೊಲಕ್ಕೊಬ್ಬರು ದುಡಿದು ತೀರಿಸಿಕೊಳ್ಳುವುದು ಮುಯ್ಯಿ. ಆ ಲೆಕ್ಕಕ್ಕೆ ಕಾಲೊನಿಯವರು ಎಂದೂ ಸೇರಿದವರಲ್ಲ.

ಮಾರನೆಯ ದಿನ ಚನ್ನಪ್ಪ ತನ್ನ ಕೂಲಿಯಾಳು ಧರ್ಮೇಂದ್ರನನ್ನು ಕಳಿಸಿದ. ದ್ಯಾವೀರಮ್ಮ ಅವನಿಗೆ ಕಾಫಿ ಕೊಟ್ಟು ಹಿಂದಕ್ಕೆ ಅಟ್ಟಿದಳು. "ಮುಯ್ಯಿಗೆ ಮನೆಯೋರೇ ಬರ್ಬೇಕು ಕಣಪ್ಪ. ಅಂಗಂತ ಯೋಳು."

"ಕೊಬ್ಬು ಕಣ್ಲಾ ಅವ್ಳಿಗೆ!" ಎಂದ ಚನ್ನಪ್ಪ. "ಕಳೇಲೇ ಕೊಳೀಲಿ ಬುಡು."

ಒಲೆಯ ಮುಂದಿದ್ದ ರೂಪಶ್ರೀಗೆ ಅದು ಕೇಳಿಸಿತು. ಕರೆಸಿದವಳು ತಾನು. ತೀರಿಸಬೇಕಾದವಳೂ ತಾನೇ ಅನ್ನಿಸಿದರೂ ಮಾವನಿಗೆ ಹೆದರಿ ಮನೆಯಲ್ಲೇ ಉಳಿದಳು. ಅಷ್ಟರಲ್ಲಿ ಸೋನೆ ಹಿಡಿಯಿತು. ಕೆಸರಿನಲ್ಲಿ ಯಂತ್ರ ನಡೆಯದು, ಇನ್ನು ದ್ಯಾವೀರಮ್ಮನ ಹೊಲದ ಕಳೆಯನ್ನು ಕೈಯಲ್ಲೇ ಕೀಳಬೇಕು.

ಮಳೆ ಬಿಟ್ಟ ಬೆಳಿಗ್ಗೆ ರೂಪಶ್ರೀ ಕಳೆ ಕೀಳುವ ಕುರ್ಚಿಗೆಯನ್ನು ಕೈಯಲ್ಲಿ ಹಿಡಿದು ಹೊರಟಳು.

"ಎಲ್ಲಿಗವ್ವ?" ಬಾಗಿಲಲ್ಲಿ ನಿಂತಿದ್ದ ಚನ್ನಪ್ಪ ಕೇಳಿದ.

"ಮುಯ್ಯಿ ತೀರ್ಸಕ್ಕೆ, ಮಾವ."

ಚನ್ನಪ್ಪ ಬೇಡವೆನ್ನಲಿಲ್ಲ, ಬಾಗಿಲು ಬಿಟ್ಟು ಸರಿಯಲೂ ಇಲ್ಲ. ಅವಳು ಹಿತ್ತಲ ಕಡೆಯಿಂದ ಹೋದಳು.

ದ್ಯಾವೀರಮ್ಮನ ಹೊಲದಲ್ಲಿ ಅರ್ಧ ಪೈರು ಆಗಲೇ ಹಳದಿಗೆ ತಿರುಗಿತ್ತು. ಅವಳು ಕೂತಲ್ಲಿಂದ ಏಳದೆ ಪಕ್ಕದ ಸಾಲು ತೋರಿಸಿದಳು.

"ಬಾ ಕೂತ್ಕ. ನೋಡ್ಕಂಡು ಕೀಳವ್ವ, ರಾಗಿ ಕಿತ್ಗಿತ್ಬುಟ್ಟೀಯ."

ಸಂಜೆಯವರೆಗೂ ಇಬ್ಬರೂ ಕಿತ್ತರು. ಆ ವರ್ಷ ಅರ್ಧ ಬೆಳೆಯಷ್ಟೇ ಉಳಿಯಿತು. ಚನ್ನಪ್ಪ ಇಂದಿಗೂ ಆ ಹೊಲ ತುಳಿದಿಲ್ಲ.

ದ್ಯಾವೀರಮ್ಮ ಈಗ ದುದ್ದ, ಶಾಂತಿಗ್ರಾಮದ ಸುತ್ತಿನ ಕೂಲಿ ಹೆಂಗಸರಿಗೆ ಯಂತ್ರ ನಡೆಸುವುದನ್ನು ಕಲಿಸುತ್ತಾಳೆ. ಆಳು ಕೇಳಿದವರಿಗೆ ತಂಡ ಹೊಂದಿಸಿ ಕಳಿಸುತ್ತಾಳೆ, ಆದರೆ ತಂಡದವರ ತುಂಡು ಹೊಲಗಳ ಕಳೆ ಮುಗಿದ ಮೇಲೆ.