ಹತ್ತು ಬಾಟಲಿಯ ಬಿಲ್ಲು

ಅವತ್ತು ಮಧ್ಯಾಹ್ನ ನಮ್ಮವರು ಊಟಕ್ಕೆ ಕೂತಿದ್ದಾಗ ಫೋನು ಬಂತು. ಮೈಸೂರಿನಲ್ಲಿ ಲೇಡೀಸ್ ಹಾಸ್ಟೆಲ್ ನಡೆಸುವ ವಿಮಲಮ್ಮ. ನಮ್ಮ ಗಾಣದ ಕೊಬ್ಬರಿ ಎಣ್ಣೆಯನ್ನು ಇಂಟರ್‌ನೆಟ್ಟಿನಲ್ಲಿ ಆರ್ಡರ್ ಮಾಡಿ ತರಿಸುವವರು. ದನಿ ಜೋರು, ನನಗೂ ಕೇಳುತ್ತಿತ್ತು.

“ರೀ ಶಂಭುಲಿಂಗಯ್ಯನೋರೇ, ಡಿಸ್ಕೌಂಟು ಕಳೆದು ಎಪ್ಪತ್ತೆರಡು ಅಂತ ತೋರ್ಸಿ, ಹತ್ತು ಬಾಟ್ಲಿಗೆ ಏಳ್ನೂರ ಇಪ್ಪತ್ಮೂರು ಹಾಕಿದೀರಲ್ಲ. ಮೂರು ರೂಪಾಯಿ ನಿಮ್ ಕಂಪ್ಯೂಟರು ಟೀ ಕುಡಿಯಕಾ?”

ನಮ್ಮವರು ನಕ್ಕರು. “ಟೀ ಕುಡ್ಸಿ ನಾನೇ ಅದನ್ನ ಕೆಡಿಸಿದೀನಿ ಕಣ್ರೀ. ನಾಳೆ ಸರಿ ಮಾಡ್ತೀನಿ, ನನ್ ಮಾತು.”

ಆಮೇಲೆ ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡರು. ಅದು 2009ರ ಶ್ರಾವಣ.

ಹುಳಿಯಾರಿನಲ್ಲಿ ನಮ್ಮದು ಎಣ್ಣೆ ಅಂಗಡಿ. ಅಳೆದ ಮೇಲೆ ಒಂದಿಷ್ಟು ಕೊಸರು ಸುರಿಯದೆ ಅವರು ಯಾರನ್ನೂ ಕಳಿಸಿದವರಲ್ಲ. ದರ ಹೇಳಿ ಆಮೇಲೆ ಏರಿಸುವ ವ್ಯಾಪಾರಿಯ ಮನೆಯಲ್ಲಿ ನೀರು ಸಹ ಕುಡಿಯುತ್ತಿರಲಿಲ್ಲ. ಹಳೆಯ ಕಂಪ್ಯೂಟರು ಕೊಂಡು, ಇಂಟರ್‌ನೆಟ್ಟಿನಲ್ಲಿ ಯಾರೋ ಮಾಡಿಟ್ಟ ಸಿದ್ಧ ಅಂಗಡಿ ಟೆಂಪ್ಲೇಟಿಗೆ ನಮ್ಮ ಬಾಟಲಿಯ ಫೋಟೋ, ತಮ್ಮ ಹೆಸರು ಹಾಕಿದ್ದರು.

ಮಾರನೆಯ ಬೆಳಿಗ್ಗೆ ಕಾಯಿ ನೋಡಲು ಅಟ್ಟ ಹತ್ತಿದರು. ಅಲ್ಲೇ ಎದೆ ಹಿಡಿದುಕೊಂಡರು. ಇಳಿಸುವಷ್ಟರಲ್ಲಿ ಹೋಗಿದ್ದರು.

ಅಟ್ಟದ ಮೇಲೆ ಒಣಗಿದ ಕಾಯಿ ಈಗಲೂ ತಾನಾಗಿ ಉರುಳುತ್ತದೆ. ಒಳಗೆ ಕೊಬ್ಬರಿ ಗುಡುಗುಡು ಅನ್ನುತ್ತದೆ. ಗೊತ್ತಿದ್ದೂ ಕೆಳಗಿನಿಂದ “ಸಾಕು ಇಳೀರಿ” ಅಂದುಬಿಡುತ್ತೇನೆ.

ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದು ನೆಂಟರು ಹೋದ ಮೇಲೆ ವಿಮಲಮ್ಮನ ಫೋನು ಮತ್ತೆ ಬಂತು.

“ಎಲ್ರೀ ಅವ್ರು? ಮಾತು ಕೊಟ್ಟಿದ್ರು. ಈ ಸಲವೂ ಏಳ್ನೂರ ಇಪ್ಪತ್ಮೂರೇ ಬಂದದೆ.”

“ಅವರು ಹೋಗಿಬುಟ್ರು ಕಣಮ್ಮ.”

ಆಕೆ ಮೆಲ್ಲಗೆ, “ಮತ್ತೆ ನೆನ್ನೆ ನಂಗೆ ‘ನಿಮ್ಮ ಆರ್ಡರ್ ಸಿಕ್ಕಿತು, ಶಂಭುಲಿಂಗಯ್ಯ’ ಅಂತ ಬರೆದೋರು ಯಾರಮ್ಮ?” ಅಂದರು.

ಕಂಪ್ಯೂಟರಿಗೆ ಅವರು ಸತ್ತದ್ದು ಗೊತ್ತಿರಲಿಲ್ಲ. ಅವರ ಹೆಸರಲ್ಲಿ ಉತ್ತರ ಕಳಿಸುತ್ತಲೇ ಇತ್ತು. ಅವರ ಹೆಸರಲ್ಲೇ ತಪ್ಪು ಬಿಲ್ಲು ಹಾಕುತ್ತಲೂ ಇತ್ತು. ಬದುಕಿದ್ದಾಗ ಮಾತು ತಪ್ಪದವರು ಸತ್ತ ಮೇಲೆ ದಿನಾ ತಪ್ಪುತ್ತಿದ್ದರು.

ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ಇಟ್ಟಿರುವ ಮಧುಶ್ರೀಯನ್ನು ಮನೆಗೆ ಕರೆತಂದೆ. ಅವಳು ನೋಡಿ ಹೇಳಿದಳು:

“ಅಕ್ಕ, ಎಂಬತ್ತೈದ್ರಾಗೆ ನೂರಕ್ಕೆ ಹದಿನೈದು ಡಿಸ್ಕೌಂಟು ಹೋದ್ರೆ ಎಪ್ಪತ್ತೆರಡು ರೂಪಾಯಿ ಇಪ್ಪತ್ತೈದು ಪೈಸೆ. ಮೇಲೆ ತೋರ್ಸುವಾಗ ಪೈಸೆ ಬುಟ್ಟೈತೆ. ಬಿಲ್ನಾಗೆ ಪೈಸೆ ಇಟ್ಕಂಡೇ ಹತ್ತು ಬಾಟ್ಲಿಗೆ ಗುಣಿಸಿ, ಕೊನೇಲಿ ರೂಪಾಯಿಗೆ ಏರಿಸ್ತೈತೆ. ಬುಡಕ್ಕ, ಭಾವನೇ ಇಲ್ಲ, ಕಂಪ್ಯೂಟರ್‌ನಾಗಿನ ಅಂಗಡಿನೇ ತೆಗೆದುಬುಡ್ತೀನಿ.”

“ತೆಗೀಬೇಡ ಕಣೇ. ಸರಿ ಮಾಡು.”

ಒಂದು ಬಾಟಲಿಯ ದರದಲ್ಲೇ ಪೈಸೆ ಬಿಟ್ಟು, ಆ ದರದಿಂದಲೇ ಬಿಲ್ಲು ಆಗುವಂತೆ ಮಾಡಿದಳು. ಹತ್ತಕ್ಕೆ ಏಳುನೂರ ಇಪ್ಪತ್ತು ಬಂತು. “ಹೆಸರು ನಿಮ್ದು ಹಾಕ್ಲಾ?” ಅಂದಳು. ಬೇಡ ಅಂದೆ. “ಡಿಸ್ಕೌಂಟು ಬದಲಾದಾಗ ಮಾತ್ರ ನೋಡ್ಕಳಿ” ಅಂತ ತೋರಿಸಿಕೊಟ್ಟು ಹೋದಳು.

ನಾನು ದಿನಾ ನೋಡುತ್ತೇನೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಕಂಪ್ಯೂಟರು ಹಾಕುತ್ತೇನೆ. ನನಗೆ ಅಂಕಿ ಬರುತ್ತದೆ, ಅಷ್ಟು ಸಾಕು. ಪರದೆಯ ಮೇಲಿನ ಬುಟ್ಟಿಗೆ ಹತ್ತು ಬಾಟಲಿ ಹಾಕುತ್ತೇನೆ. ಕೊಳ್ಳುವವರ ಜಾಗದಲ್ಲಿ, ಹಿಂದೆ ನಮ್ಮವರು ಬರೆದಿದ್ದ ತಮ್ಮ ಹೆಸರೇ ತಾನಾಗಿ ಬಂದು ಕೂರುತ್ತದೆ. ದರಕ್ಕೂ ಬಿಲ್ಲಿಗೂ ತಾಳೆಯಾಗುವವರೆಗೆ ಅದನ್ನು ಇರಗೊಡುತ್ತೇನೆ. ಆಮೇಲೆ ಬಾಟಲಿ ಒಂದೊಂದೇ ತೆಗೆದು ಬುಟ್ಟಿ ಖಾಲಿ ಮಾಡುತ್ತೇನೆ.