ಸುತಳಿ ಕಟ್ಟಿದ ಹಿಂಬಾಗಿಲು

ಇದು ಹೋದ ವರ್ಷ ಹುರುಳಿ ಒಕ್ಕುವ ದಿನಗಳಲ್ಲಿ ನಡೆದ ಸಂಗತಿ. ಮರುದಿನ ಹಾವೇರಿಯ ಆರ್‌ಟಿಓ ಕಚೇರಿಯಲ್ಲಿ ನನಗೆ ಕಲಿಕಾ ಲೈಸೆನ್ಸಿನ ಪರೀಕ್ಷೆ ಇತ್ತು. ಆ ಚಿಂತೆಯಲ್ಲಿ ಬೆಳಿಗ್ಗೆ ರೊಟ್ಟಿ ಸೀಯಿಸಿ ಅತ್ತೆಯಿಂದ ಬೈಸಿಕೊಂಡಿದ್ದೆ. ಸಂಜೆಯ ಹೊತ್ತಿಗೆ ಪರೀಕ್ಷೆಯ ನೆನಪೇ ಹಾರಿಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ತವರು ಬ್ಯಾಡಗಿ. ಮದುವೆಗೆ ಮುಂಚೆ ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದೆ. ಕೊಟ್ಟದ್ದು ಹಲಗೇರಿಗೆ. ಈಗ ರಾಣೆಬೆನ್ನೂರಿನ ಒಂದು ಖಾಸಗಿ ಶಾಲೆಯ ಬಸ್ಸಿನಲ್ಲಿ ಆಯಾ ಆಗಿದ್ದೇನೆ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ರಸ್ತೆ ದಾಟಿಸುವುದು, ಕಿಟಕಿಯಿಂದ ಕೈ ಹೊರಗೆ ಹಾಕಿದವರನ್ನು ಗದರುವುದು ನನ್ನ ಕೆಲಸ. ಮೊದಲಿನಿಂದಲೂ ನಾನು ಪುಕ್ಕಲು ಹೆಂಗಸು. ಬಸ್ಸು ಸ್ವಲ್ಪ ಜೋರಾಗಿ ಹೊರಳಿದರೂ ಎದುರಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತೇನೆ. ಇಂಥವಳಿಗೆ ಗಾಡಿ ನಡೆಸುವ ಆಸೆ ಹುಟ್ಟಿದ್ದು ಮನೆಯವರಿಗೆಲ್ಲ ದೊಡ್ಡ ತಮಾಷೆಯಾಗಿತ್ತು. "ನೀ ಬ್ರೇಕ್ ಆಗಾಕ ಲಾಯಕ್ ಅದಿ, ಡ್ರೈವರ್ ಆಗಾಕ ಅಲ್ಲ," ಎಂದು ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ ಕಾಡುತ್ತಿದ್ದ.

ಆಸೆ ಹುಟ್ಟಿಸಿದವರು ನಮ್ಮ ಬಸ್ಸಿನ ಡ್ರೈವರ್ ಬಸಪ್ಪ ಕಾಕಾ. ತಲೆ ಪೂರ್ತಿ ನರೆತ, ಮಾತು ಕಡಿಮೆಯ ಮನುಷ್ಯ. ಮಕ್ಕಳು ಎಷ್ಟೇ ಗಲಾಟೆ ಮಾಡಿದರೂ ಹಿಂದಿರುಗಿ ನೋಡದೆ ಕನ್ನಡಿಯಲ್ಲೇ ಕಣ್ಣು ಬಿಟ್ಟು ಸುಮ್ಮನಾಗಿಸುವವರು. "ನಾ ಇನ್ನ ಎಷ್ಟ ದಿನ ಹೊಡೀತೇನವಾ? ಹುಡುಗೂರ ಗಾಡಿ ಹೆಣ್ಮಕ್ಕಳು ಹೊಡದ್ರ ಚಲೋ. ನೀ ಒಂದು ಲೈಸೆನ್ಸ್ ಮಾಡಿಸ್ಕೋ," ಎಂದು ಅವರೇ ಬೆನ್ನು ಹತ್ತಿದರು. ದೊಡ್ಡ ಬಸ್ಸು ನಡೆಸಲು ವರ್ಷಗಟ್ಟಲೆ ಅನುಭವ ಬೇಕು ಎಂಬುದು ನನಗೂ ಗೊತ್ತಿತ್ತು. ಆದರೆ ಮೊದಲ ಮೆಟ್ಟಿಲನ್ನಾದರೂ ಹತ್ತಬೇಕಲ್ಲ ಎಂದು ಅರ್ಜಿ ಹಾಕಿದೆ.

ಅಲ್ಲಿಂದ ಬಸ್ಸೇ ನನ್ನ ಶಾಲೆಯಾಯಿತು. ಫಲಕಗಳ ಚಿತ್ರವಿದ್ದ ಪುಸ್ತಕ ತೊಡೆಯ ಮೇಲಿಟ್ಟುಕೊಂಡರೆ ಮಕ್ಕಳೇ ಮೇಷ್ಟ್ರುಗಳು. "ಆಂಟಿ, ತ್ರಿಕೋನ ಬಾಯಿ ಕೆಳಗ ಮಾಡಿ ನಿಂತೈತಲ್ಲ, ಅದೇನ್ರಿ?" ಎಂದು ಒಬ್ಬಳು ಕೇಳಿದರೆ, ನಾನು ತಡವರಿಸುವಷ್ಟರಲ್ಲಿ ಇನ್ನೊಬ್ಬಳು "ದಾರಿ ಬಿಡ್ರಿ ಅಂತ!" ಎಂದು ಕೂಗುತ್ತಿದ್ದಳು. ಕಾಕಾ ಕೇಳುವ ಪ್ರಶ್ನೆಗಳು ಪುಸ್ತಕದ್ದಲ್ಲ.

"ಮುಂದ ರೋಡಿನ್ಯಾಗ ಚಂಡು ಉರುಳಿ ಬಂತು. ಏನ್ ಮಾಡ್ತಿ?"

"ಬ್ರೇಕ್ ಹಾಕ್ತೇನ್ರಿ."

"ಚಂಡಿಗೆ ಯಾಕ ಬ್ರೇಕ್?"

"ಚಂಡಿನ ಹಿಂದ ಹುಡುಗ ಬರ್ತೈತಲ್ರಿ."

"ಬರೋಬರಿ. ಗಾಡ್ಯಾಗ ಹೊಗಿ ಬಂತು. ಏನ್ ಮಾಡ್ತಿ?"

"ಗಾಡಿ ನಿಲ್ಸ್ತೇನಿ, ಬಂದ್ ಮಾಡ್ತೇನಿ, ಮಂದೀನ ಇಳಸ್ತೇನಿ."

ಕನ್ನಡಿಯಲ್ಲಿ ತಲೆಯಾಡಿಸುತ್ತಿದ್ದರು. ಅವರು ತಲೆಯಾಡಿಸಿದರೆ ನನಗೆ ಅವತ್ತು ಊಟ ರುಚಿಸುತ್ತಿತ್ತು.

ಹೀಗೆ ಓದುತ್ತಿರುವಾಗಲೇ ಒಂದು ಸಾಲು ನನ್ನನ್ನು ಚುಚ್ಚಿತು. ಶಾಲಾ ಬಸ್ಸಿನ ತುರ್ತು ಬಾಗಿಲು ಯಾವಾಗಲೂ ಸುಲಭವಾಗಿ ತೆರೆಯುವಂತಿರಬೇಕು. ನಮ್ಮ ಬಸ್ಸಿನ ತುರ್ತು ಬಾಗಿಲು ಹಿಂದುಗಡೆ ಇದೆ. ಅದರ ಚಿಲಕ ಸಡಿಲವಾಗಿ ಗುಂಡಿ ಬಿದ್ದ ದಾರಿಯಲ್ಲಿ ಒಮ್ಮೆ ತಾನಾಗಿಯೇ ತೆರೆದುಕೊಂಡಿತ್ತು. ಪುಣ್ಯಕ್ಕೆ ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಕಾಕಾ ಅವತ್ತೇ ಬಾಗಿಲಿನ ಹಿಡಿಕೆಯನ್ನು ಸೀಟಿನ ಕಂಬಿಗೆ ಸುತಳಿಯಿಂದ ಬಿಗಿದು ಕಟ್ಟಿದ್ದರು. ಮೆಣಸಿನಕಾಯಿ ಚೀಲ ಹೊಲಿಯುವ ಸುತಳಿ ಅದು, ಐದಾರು ಸುತ್ತು. ನಮ್ಮ ಕಡೆ ಏನೇ ಸಡಿಲವಾದರೂ ಮೊದಲು ನೆನಪಾಗುವುದು ಸುತಳಿಯೇ. ಕಟ್ಟಿದರೆ ಕೆಲಸ ಮುಗಿಯಿತು ಎಂದು ಎಲ್ಲರೂ ನಿಶ್ಚಿಂತರಾಗುತ್ತೇವೆ.

ನಾನು ಹೋಗಿ ಕಾಕಾಗೆ ಹೇಳಿದೆ. "ಕಾಕಾ, ಇದನ್ನ ಕಟ್ಟೂದು ತಪ್ಪಂತ್ರಿ. ಪುಸ್ತಕದಾಗ ಐತಿ."

"ಗೊತ್ತೈತವಾ. ಐತವಾರ ಗ್ಯಾರೇಜಿಗೆ ಬಿಡ್ತೇನಿ, ಆಫೀಸಿನ್ಯಾಗ ಹೇಳೇನಿ. ಅಲ್ಲೀತನ ಬಿಚ್ಚಿದ್ರ, ಹಾದ್ಯಾಗ ತೆರಕೊಂಡು ಒಂದು ಕೂಸು ಬಿದ್ರ ಯಾರಿಗೆ ಹೇಳೂದು?"

ಅವರ ಮಾತೂ ಸುಳ್ಳಲ್ಲ. ಎರಡು ಹೆದರಿಕೆಗಳಲ್ಲಿ ಯಾವುದು ದೊಡ್ಡದು ಎಂದು ತೂಗಲು ನನಗೆ ಆಗಲಿಲ್ಲ. ಆ ದಿನದಿಂದ ಬಸ್ಸು ಹತ್ತಿದಾಗಲೆಲ್ಲ ಕಣ್ಣು ಆ ಗಂಟಿನ ಕಡೆಗೇ ಹೋಗುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಸಂಜೆ ಮಕ್ಕಳನ್ನು ಬಿಡಲು ಹೊರಟಿದ್ದೆವು. ಹಲಗೇರಿ ದಾಟಿ ಒಳರಸ್ತೆಗೆ ಹೊರಳಿದರೆ ಒಂದು ಸಣ್ಣ ಊರು. ಅಲ್ಲಿಯ ಮಂದಿ ಹುರುಳಿ ಬಳ್ಳಿಯನ್ನು ಡಾಂಬರಿನ ಮೇಲೆ ಹಾಸಿಬಿಡುತ್ತಾರೆ. ಹೋಗಿ ಬರುವ ಗಾಡಿಗಳ ಗಾಲಿಯೇ ಅವರಿಗೆ ಒಕ್ಕಣೆಯ ಯಂತ್ರ. ಬೇರೆ ದಿನ ಅರ್ಧ ರಸ್ತೆಯಾದರೂ ಖಾಲಿ ಇರುತ್ತಿತ್ತು. ಕಾಕಾ ಆ ಅಂಚಿನಲ್ಲಿ ಸಾವಕಾಶ ದಾಟಿಸುತ್ತಿದ್ದರು. ಅವತ್ತು ಈ ಅಂಚಿನಿಂದ ಆ ಅಂಚಿನವರೆಗೆ ಮೊಳಕಾಲೆತ್ತರ ಹಾಸಿದ್ದರು, ಅದೂ ಬಹಳ ದೂರದವರೆಗೆ.

ಕಾಕಾ ಗಾಡಿ ನಿಲ್ಲಿಸಿ ತಲೆ ಹೊರಹಾಕಿದರು. "ಏನ್ರಬೇ ಇದು, ಗಾಡಿ ಹೋಗೂದು ಬ್ಯಾಡೇನು?"

ರಸ್ತೆಯಂಚಿನಲ್ಲಿ ಕುಡುಗೋಲು ಹಿಡಿದು ನಿಂತಿದ್ದ ಗಂಗವ್ವ ನಕ್ಕಳು. ಅವಳ ಮೊಮ್ಮಗಳು ಸೃಷ್ಟಿ ನಮ್ಮ ಬಸ್ಸಿನಲ್ಲೇ ಇದ್ದಳು, ಯುಕೆಜಿ ಹುಡುಗಿ. "ಮ್ಯಾಲ ಹತ್ತಿಸ್ಕೊಂಡ ಹೋಗೋ ಬಸಪ್ಪ, ನಿನ್ನ ಗಾಡಿ ತುಳದ್ರ ಚಲೋ ಉದರ್ತೈತಿ. ನನ್ನ ಮಮ್ಮಗಳನ್ನ ಗುಡಿ ಹತ್ರ ಇಳಿಸು, ನಾ ಬರ್ತೇನಿ."

ಹಿಂದೆ ತಿರುಗಿಸಲು ಜಾಗವಿಲ್ಲ, ಹಿಂದಿನಿಂದ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯುತ್ತಿತ್ತು. ಕಾಕಾ ಗೊಣಗುತ್ತ ಗಾಡಿಯನ್ನು ಬಳ್ಳಿಯ ಮೇಲೆ ಬಿಟ್ಟರು. ಕೆಳಗೆ ಚರಚರ ಸದ್ದು. ಮಕ್ಕಳಿಗೆ ಅದು ಮೋಜು. ನಾನು ಮಾತ್ರ ಎದುರಿನ ಸೀಟಿನ ಕಂಬಿ ಹಿಡಿದುಕೊಂಡೆ.

ಅರ್ಧ ದಾಟಿರಬೇಕು. ಏನೋ ಸುಟ್ಟ ವಾಸನೆ ಬಂತು. ನೋಡುತ್ತಿದ್ದಂತೆ ಮುಂಬಾಗಿಲಿನ ಮೆಟ್ಟಿಲ ಸಂದಿಯಿಂದ ಹೊಗೆ ಎದ್ದಿತು. ಮೊದಲು ತೆಳ್ಳಗೆ, ಆಮೇಲೆ ದಟ್ಟವಾಗಿ. ಬಳ್ಳಿ ಗಾಡಿಯ ಹೊಟ್ಟೆಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡಿತ್ತು.

"ಕಾಕಾ, ಹೊಗಿ! ನಿಲ್ಸ್ರಿ!" ಎಂದು ಚೀರಿದೆ.

ಅವರು ನಿಲ್ಲಿಸಲಿಲ್ಲ. ನಾನು ಅವರ ಭುಜ ಹಿಡಿದು ಅಲುಗಾಡಿಸಿದೆ. "ನಿಲ್ಸ್ರಿ ಅಂದ್ರ! ಹುಡುಗೂರು ಸಾಯ್ತಾವ!" ಅವರು ದವಡೆ ಕಚ್ಚಿಕೊಂಡು ಗಾಡಿಯನ್ನು ಮುಂದಕ್ಕೇ ಒತ್ತಿದರು. ಮನುಷ್ಯನಿಗೆ ತಲೆ ಕೆಟ್ಟಿತು ಎಂದೇ ತಿಳಿದೆ. ಮಕ್ಕಳು ಅಳಲು ಶುರು ಮಾಡಿದ್ದರು. ಬಳ್ಳಿ ಮುಗಿದು ಕರಿ ಡಾಂಬರು ಕಂಡ ಮೇಲೆ ಇನ್ನಷ್ಟು ದೂರ ಹೋಗಿ ಗಕ್ಕನೆ ನಿಲ್ಲಿಸಿ ಇಂಜಿನ್ ಆರಿಸಿದರು.

"ಹಿಂದಿನ ಬಾಗ್ಲಾ ತೆಗಿ ರೇಣವ್ವಾ!" ಎನ್ನುತ್ತಲೇ ಬೆಂಕಿ ಆರಿಸುವ ಸಿಲಿಂಡರ್ ಕಿತ್ತುಕೊಂಡು ತಮ್ಮ ಪಕ್ಕದ ಬಾಗಿಲಿನಿಂದ ಹೊರಗೆ ಹಾರಿದರು.

ಮುಂಬಾಗಿಲಿನ ಮೆಟ್ಟಿಲ ಕೆಳಗೆ ಬೆಂಕಿ ಕಾಣುತ್ತಿತ್ತು. ಡ್ರೈವರ್ ಕಡೆ ಹೋಗಬೇಕೆಂದರೆ ಆ ಹೊಗೆಯನ್ನೇ ದಾಟಬೇಕು. ಮಕ್ಕಳನ್ನೆಲ್ಲ ಹಿಂದಕ್ಕೆ ದಬ್ಬುತ್ತ ಹೋದೆ. ಸುತಳಿಗೆ ಕೈ ಹಾಕಿದೆ. ಗಂಟು ಕಲ್ಲಾಗಿತ್ತು. ಉಗುರು ಕಿತ್ತು ಬಂತು, ಗಂಟು ಸಡಿಲವಾಗಲಿಲ್ಲ. ಹಲ್ಲು ಹಚ್ಚಿದೆ. ಬಾಯಿಗೆ ಖಾರ ಹತ್ತಿತು. ಮೆಣಸಿನಕಾಯಿ ಚೀಲದ ಸುತಳಿಯಲ್ಲವೇ! ಬೆನ್ನಿಗೆ ಮಕ್ಕಳು ಒತ್ತಿಕೊಂಡು ಕೆಮ್ಮುತ್ತಿದ್ದರು. ಸೃಷ್ಟಿ ನನ್ನ ಸೀರೆ ಹಿಡಿದು "ಆಂಟಿ, ನಮ್ಮಜ್ಜಿ ಬೇಕು" ಎನ್ನುತ್ತಿದ್ದಳು. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಅಷ್ಟರಲ್ಲಿ ಪಕ್ಕದ ಕಿಟಕಿಯನ್ನು ಯಾರೋ ದಬದಬ ಬಡಿದರು. ಗಂಗವ್ವ! ಆ ವಯಸ್ಸಿನಲ್ಲಿ ಅಷ್ಟು ದೂರ ಹೇಗೆ ಓಡಿ ಬಂದಳೋ. ಹೊರಗಿನಿಂದ ಬಾಗಿಲು ಎಳೆದು ಎಳೆದು ಸೋತಿದ್ದಳು.

"ಸುತಳಿ ಕಟ್ಟೈತಿ ಯವ್ವಾ, ಬರವಲ್ದು!" ಎಂದು ಕೂಗಿದೆ.

ಅವಳು ಕಿಟಕಿಯ ಕಂಬಿಗಳ ನಡುವೆ ಕುಡುಗೋಲನ್ನು ಒಳಗೆ ತೂರಿಸಿದಳು. "ಹಿಡಿ! ಕೊಯ್ಯಿ ಲಗೂ!"

ಕೊಯ್ದೆ. ಅವಸರದಲ್ಲಿ ಒಂದೇಟು ನನ್ನ ಬೆರಳಿಗೇ ಬಿತ್ತು. ಸುತಳಿ ಎಳೆ ಎಳೆಯಾಗಿ ಹರಿದು ಕೊನೆಗೆ ಬಾಗಿಲು ಹೊರಕ್ಕೆ ತೆರೆಯಿತು. ಗಾಳಿ ಬಂತು. ಕೆಳಗೆ ಹೊಲದ ಹೆಂಗಸರು, ಗಂಡಸರು ಕೈ ಚಾಚಿ ನಿಂತಿದ್ದರು. ಸಣ್ಣವರನ್ನು ಮೊದಲು, ದೊಡ್ಡವರನ್ನು ಆಮೇಲೆ, ಒಬ್ಬೊಬ್ಬರನ್ನೇ ಎತ್ತಿ ಕೊಟ್ಟೆ. ಸೃಷ್ಟಿಯನ್ನು ಅವಳ ಅಜ್ಜಿಯೇ ಹಿಡಿದುಕೊಂಡಳು. ಎಲ್ಲರೂ ಇಳಿದ ಮೇಲೆ ಮೂಗಿಗೆ ಸೆರಗು ಹಿಡಿದು ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡಿದೆ. ದಿನವೂ ಕೊನೆಯ ನಿಲ್ದಾಣದಲ್ಲಿ ಕಾಕಾ ಹಾಗೆ ನೋಡಿಯೇ ಇಳಿಯುತ್ತಾರೆ. ಒಂದು ನೀರಿನ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ನಾನೂ ಹಾರಿದೆ.

ಸಿಲಿಂಡರ್ ಮುಗಿದ ಮೇಲೆ ಊರವರು ಬುಟ್ಟಿಯಲ್ಲಿ ಮಣ್ಣು ಚೆಲ್ಲಿ, ಕೊಡದಲ್ಲಿ ನೀರು ತಂದು ಬೆಂಕಿ ಆರಿಸಿದರು. ಮೆಟ್ಟಿಲು ಮತ್ತು ಮುಂದಿನ ಒಂದು ಸೀಟು ಕರಕಲಾಗಿದ್ದವು. ಮಕ್ಕಳಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

ನನಗೆ ಆಗ ಬಂದದ್ದು ಅಳುವಲ್ಲ, ಸಿಟ್ಟು. ಕಾಕಾ ಮುಂದೆ ಹೋಗಿ ನಿಂತು ಕೂಗಿದೆ. "ನಿಲ್ಸ್ರಿ ಅಂದ್ರ ಯಾಕ ನಿಲ್ಸಲಿಲ್ರಿ? ನನಗ ಪಾಠ ಹೇಳ್ತೀರಿ, ಹೊಗಿ ಬಂದ್ರ ನಿಲ್ಸಬೇಕಂತ!"

ಅವರು ನಾವು ಬಂದ ದಾರಿಯ ಕಡೆ ಕೈ ತೋರಿಸಿದರು. ಗಾಡಿಯ ಹೊಟ್ಟೆಯಿಂದ ಉದುರಿದ ಕಿಡಿಗೆ ಹಾಸಿದ್ದ ಬಳ್ಳಿ ಅಲ್ಲಲ್ಲಿ ಹೊತ್ತಿಕೊಂಡಿತ್ತು. ಟ್ರ್ಯಾಕ್ಟರಿನವನು ದೂರದಲ್ಲೇ ನಿಂತುಬಿಟ್ಟಿದ್ದ. ಮಂದಿ ಕೋಲಿನಿಂದ ಬಳ್ಳಿ ಎಳೆದು ಬೇರೆ ಮಾಡುತ್ತಿದ್ದರು. "ಆ ಹುರಳಿ ಮ್ಯಾಲ ನಿಲ್ಸಿದ್ರ ಎಲ್ಲಿ ಇಳಸ್ತಿದ್ದೆವಾ?" ಎಂದರು.

ಅಷ್ಟು ಹೇಳಿದವರು ಅಲ್ಲೇ ರಸ್ತೆಯ ಅಂಚಿಗೆ ಕುಸಿದು ಕೂತರು. ನನ್ನ ಬೆರಳಿನ ರಕ್ತ ನೋಡಿದರು. ಆಮೇಲೆ ಹಿಂಬಾಗಿಲಿಗೆ ಜೋತಾಡುತ್ತಿದ್ದ ಸುತಳಿಯ ತುಂಡು ನೋಡಿದರು. "ನಾ ಕಟ್ಟಿದ್ದವಾ ಅದು. ನೀ ಹೇಳಿದ್ದಿ," ಎಂದು ಮುಖ ಮುಚ್ಚಿಕೊಂಡರು. ಕಾಕಾ ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಗಂಗವ್ವ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬಂದು ಅವರ ಪಕ್ಕ ಕೂತಳು. "ನೀ ಕಟ್ಟಿದಿ, ನಾ ಹಾಸಿದ್ನಿ. ಯಾರಿಗೆ ಯಾರು ಬೈಯೂದೋ ಬಸಪ್ಪ," ಎಂದಳು.

ಮನೆಗೆ ಬಂದು ಪುಸ್ತಕ ಮೂಲೆಗೆ ಎಸೆದೆ. ಈ ಕೆಲಸ ನನ್ನಂಥವಳದಲ್ಲ, ಪರೀಕ್ಷೆಗೂ ಹೋಗುವುದಿಲ್ಲ ಎಂದೆ. ಯಾವಾಗಲೂ ಕಾಡುವ ಗಂಡ ಅವತ್ತು ಬೆರಳಿಗೆ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದ.

ಬೆಳಗಾಗುತ್ತಲೇ ಬಾಗಿಲಲ್ಲಿ ಕಾಕಾ ನಿಂತಿದ್ದರು. "ನಡಿಯವಾ, ಹಾವೇರಿ ಬಸ್ಸಿಗೆ ಹೊತ್ತಾತು."

"ನಾ ಒಲ್ಲೆ ಕಾಕಾ. ನನಗ ಹೆದರಿಕಿ ಆಗ್ತೈತಿ."

"ನನಗ ಹೆದರಿಕಿ ಕಡಿಮಿ ಆಗಿತ್ತು. ಅದಕ್ಕ ಸುತಳಿ ಕಟ್ಟಿದ್ನಿ. ಹೆದರೂ ಮಂದೀನ ಬೇಕು ಹುಡುಗೂರ ಗಾಡಿಗೆ," ಎಂದರು.

ಸೀರೆ ಬದಲಿಸಿ ಹೊರಟೆ. ದಾರಿಯುದ್ದಕ್ಕೂ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಾವೇರಿ ಹತ್ತಿರ ಬಂದಾಗ ಮಾತ್ರ, ಕಿಟಕಿಯ ಹೊರಗೆ ನೋಡುತ್ತಲೇ, "ಗಾಡ್ಯಾಗ ಹೊಗಿ ಬಂತು. ಏನ್ ಮಾಡ್ತಿ?" ಎಂದರು.

"ಮೊದಲ ಎಲ್ಲಿ ಅದೇನಿ ನೋಡ್ತೇನ್ರಿ. ಆಮ್ಯಾಲ ನಿಲ್ಸ್ತೇನಿ."

"ಬರೋಬರಿ," ಎಂದರು. ದನಿ ಸಣ್ಣಗಿತ್ತು.

ಕಂಪ್ಯೂಟರ್ ಮುಂದೆ ಕೂತು ಬಟ್ಟೆ ಕಟ್ಟಿದ ಬೆರಳಿನಿಂದಲೇ ಉತ್ತರ ಒತ್ತಿದೆ. ಬಂದದ್ದೆಲ್ಲ ಫಲಕಗಳು, ಸಿಗ್ನಲ್ಲು, ದಾರಿ ಬಿಡುವ ಪ್ರಶ್ನೆಗಳೇ. ಹೊಗೆಯ ಬಗ್ಗೆ, ಹಿಂಬಾಗಿಲಿನ ಬಗ್ಗೆ ಒಂದೂ ಬರಲಿಲ್ಲ. ಬಾಯಿ ಕೆಳಗಾದ ತ್ರಿಕೋನ ಬಂದಾಗ ಮಕ್ಕಳ ಕೂಗು ಕಿವಿಯಲ್ಲಿ ಕೇಳಿದಂತಾಗಿ ಕಣ್ಣು ಮಂಜಾಯಿತು. ಪಾಸಾದೆ. ಹೊರಗೆ ಕಾಯುತ್ತಿದ್ದ ಕಾಕಾ ಮಂಡಕ್ಕಿ ಗಿರ್ಮಿಟ್ಟು ಕೊಡಿಸಿದರು.

ಚಿಲಕ ಈಗ ರಿಪೇರಿಯಾಗಿದೆ. ಆದರೂ ಆ ಬಾಗಿಲು ಗುಂಡಿ ಬಿದ್ದಲ್ಲೆಲ್ಲ ಸ್ವಲ್ಪ ಖಡಖಡ ಅನ್ನುತ್ತದೆ. ಆ ಊರಿನವರು ರಸ್ತೆಯ ಮೇಲೆ ಹಾಸುವುದನ್ನು ಪೂರ್ತಿ ಬಿಟ್ಟಿಲ್ಲ. ಶಾಲೆ ಬಸ್ಸು ಬರುವ ಹೊತ್ತಿಗೆ ಮಾತ್ರ ಗಂಗವ್ವ ಮುಂದೆ ನಿಂತು ಬಳ್ಳಿ ಸರಿಸುತ್ತಾಳೆ. ನನಗೆ ಇಂದಿಗೂ ಹುರುಳಿ ಕಟ್ಟಿನ ಸಾರಿನ ವಾಸನೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ.

ದಿನವೂ ಬೆಳಿಗ್ಗೆ ಮಕ್ಕಳು ಹತ್ತುವ ಮುಂಚೆ ಹಿಂದಕ್ಕೆ ಹೋಗಿ ಆ ಬಾಗಿಲನ್ನು ತೆರೆದು ನೋಡಿ ಮತ್ತೆ ಮುಚ್ಚುತ್ತೇನೆ. ಕಾಕಾ ಕೀಲಿಗೆ ಕೈ ಇಟ್ಟುಕೊಂಡು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿರುತ್ತಾರೆ.

"ಬಾಗ್ಲಾ?"

"ತೆರೀತೈತ್ರಿ ಕಾಕಾ."

ಈ ಮಾತು ಕೇಳದೆ ಅವರು ಗಾಡಿ ಚಾಲೂ ಮಾಡುವುದಿಲ್ಲ.