ಚೂರು ಹೇಳಿದ ಸುದ್ದಿ

ಮೋಮಿನಪುರದ ಜುಲೇಖಾಬಿ ದುಪಟ್ಟಾಗಳಿಗೆ ಬಣ್ಣ ಹಾಕಿ ಬದುಕು ಸಾಗಿಸಿದವಳು. 2004ರಲ್ಲಿ ಆಪರೇಷನ್ ಮಾಡಿ ಅವಳ ಲಿವರ್‌ನಲ್ಲಿದ್ದ ಕ್ಯಾನ್ಸರ್ ಗಂಟನ್ನು ತೆಗೆದರು. ಗಾಯ ಮಾಯ್ದ ಮೇಲೆ, ಸೇಡಂ ರಸ್ತೆಯ ಆಸ್ಪತ್ರೆಯ ಡಾಕ್ಟರಮ್ಮ ಆ ಗಂಟಿನ ತೆಳು ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನೀಲಿಯ ನಡುವೆ ಕಂದು ಚುಕ್ಕಿಗಳು ಕಿಕ್ಕಿರಿದಿದ್ದವು.

“ಇದಕ್ಕ ಬಣ್ಣ ಯಾಕ ಹಾಕೀರಿ, ಬಾಯಾರ?”

“ಜೋರ್ ಬೆಳಿಯೋ ಜೀವಕಣಕ್ಕಷ್ಟ ಈ ಕಂದು ಹಿಡೀತದ್ರೀ. ನಿಮ್ಮದಕ್ಕ ಭಾಳ ಹಿಡದದ. ಗಂಟು ಮತ್ತ ಬರಬಹುದು, ತಪ್ಪದ ತೋರಸ್ಕೋತ ಇರ್ರಿ.”

ಜುಲೇಖಾಬಿಗೆ ಹೆದರಿಕೆಗಿಂತ ಬೆರಗೇ ಹೆಚ್ಚಾಯಿತು. “ಯಾ ಅಲ್ಲಾ, ಮೈಯಿಂದ ಹೊರಗ ಬಿದ್ದ ಚೂರು ಮುಂದಿನ ಮಾತು ಹೇಳಾಕತ್ತದ!”

ಅವಳು ಒಂದು ತಪಾಸಣೆಯನ್ನೂ ತಪ್ಪಿಸಲಿಲ್ಲ. ಎರಡನೇ ವರ್ಷ ಸ್ಕ್ಯಾನಿನಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು. ಬೆಳೆಯುವ ಮೊದಲೇ ಡಾಕ್ಟರರು ಸೂಜಿ ತೂರಿಸಿ, ಅದರ ಶಾಖದಿಂದ ಅದನ್ನು ಸುಟ್ಟುಹಾಕಿದರು. ಚೇತರಿಸಿಕೊಂಡು ಕಮಲಾಪುರದ ಅಕ್ಕನ ಮನೆಗೆ ಹೋದವಳು, ಇದನ್ನೆಲ್ಲ ಹೇಳುತ್ತ ಹೇಳುತ್ತ ಮುಂದಿದ್ದ ತಟ್ಟೆಯ ಊಟವನ್ನೇ ಮರೆತಳು.